ತಿರುಗತೈತಿ, ಹಿಡೀವಲ್ದು

ಫೋನಿನಲ್ಲಿ ಕೊಟ್ರಮ್ಮ ಹೇಳಿದ್ದು ಅಷ್ಟೇ:
"ತಿಪ್ಪೇಶಿ, ತಿರುಗತೈತಿ, ಹಿಡೀವಲ್ದು."
ಅರ್ಧ ರೋಗ ಆಕೆಯೇ ಬಿಡಿಸಿಕೊಟ್ಟಿದ್ದಳು.
ತಿರುಗುತ್ತದೆ ಅಂದರೆ ಬ್ಯಾಟರಿ ಬದುಕಿದೆ,
ಸೆಲ್ಫ್ ಬದುಕಿದೆ, ಕೀಲಿಕೈ ಸುಳ್ಳಾಡುತ್ತಿಲ್ಲ.
ಉಳಿದರ್ಧಕ್ಕೆ ಪಾನಾ ಚೀಲ ಹೆಗಲಿಗೇರಿಸಿ
ಮಂಡಕ್ಕಿ ಭಟ್ಟಿಯ ಓಣಿಗೆ ನಡೆದೆ.

ಎಂಬತ್ತಾರರ ಫಿಯೆಟ್ಟು. ಹಿಂದಿನ ಸೀಟು ಕಿತ್ತು ಎಷ್ಟೋ ವರ್ಷ.
ಅಲ್ಲಿ ಆಳುದ್ದದ ಚೀಲಗಳು ಕೂತು
ಹರಿಹರ, ಜಗಳೂರು, ಮಲೇಬೆನ್ನೂರು ನೋಡಿ ಬರುತ್ತಿದ್ದವು.
ಎಡ ಮಣಿಕಟ್ಟು ಮುರಿದು ಕೊಟ್ರಮ್ಮ
ಮೂರು ತಿಂಗಳು ಮನೆ ಹಿಡಿದಾಗ
ಗಾಡಿ ಗೋದಾಮಿನ ಗೋಡೆ ಹಿಡಿಯಿತು.

ಓಣಿ ತುಂಬ ಡಾಕ್ಟರುಗಳು.
ಚಹಾದವನಿಗೆ ಕಾಯಿಲ್ ಮೇಲೆ ಗುಮಾನಿ,
ಲಾರಿ ಕ್ಲೀನರಿಗೆ ಪಂಪಿನ ಮೇಲೆ,
ಬಾಣಲೆಯಲ್ಲಿ ಮರಳು ಕೆದಕುವ ನೀಲವ್ವನಿಗೆ
ಕೊಟ್ರಮ್ಮನ ನಾದಿನಿಯ ಕಣ್ಣಿನ ಮೇಲೆ.

ಹಚ್ಚದ ಬೀಡಿ ಕಚ್ಚಿಕೊಂಡು
ಬಾಬಾಜಾನ್ ಉಸ್ತಾದರು ಹೇಳುತ್ತಿದ್ದರು:
ಏನು ಹೋಗಿದೆ ಅಂತ ಹುಡುಕಬೇಡ.
ಏನೇನು ಐತಿ, ಎಣಿಸು.

ಎಣಿಸಿದೆ.
ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ,
ಎಂಜಿನ್ನಿನ ಮೈಗೆ ತಾಗಿಸಿ, "ಹೊಡಿಯೋ ಜಬೀವುಲ್ಲ" ಅಂದೆ.
ಚಟ್ ಚಟ್. ಅಗಸೆ ಹೂವಿನ ನೀಲಿ.
ಕಿಡಿ ಐತಿ.
ಪೈಪು ಕಳಚಿ ಬಾಟಲಿಗೆ ಹಿಡಿದೆ, ಬಿಸಿಲಿಗೆತ್ತಿ ಅಲ್ಲಾಡಿಸಿದೆ,
ತಳದಲ್ಲಿ ನೀರಿನ ಹನಿಯಿಲ್ಲ, ವಾಸನೆ ಹಳತು, ಆದರೆ ಕೆಟ್ಟಿಲ್ಲ.
ಪೆಟ್ರೋಲು ಐತಿ.
ಪಾಯಿಂಟಿಗೆ ಮರಳುಕಾಗದ ಉಜ್ಜಿದೆ. ಅದೂ ಐತಿ.
ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿದರೆ
ಎಳೆಗರು ಒದ್ದ ಹಾಗೆ ಒಳಗಿನ ಗಾಳಿ ಒದ್ದಿತು.

ಎಲ್ಲವೂ ಐತಿ.
ಗಾಡಿ ಮಾತ್ರ ರ್ರುಂಯ್ ರ್ರುಂಯ್ ರ್ರುಂಯ್.
"ಹತ್ತು ಎಣಿಸಿ ಬಿಡೋ, ಬ್ಯಾಟರಿ ಸಾಯತೈತಿ."
ಚಹಾದವನು ಕಾಯಿಲ್ ಎಂದು ಮತ್ತೆ ಕೂಗಿದ.
ನನಗೂ ಹೊಸ ಕಾಯಿಲ್ ಹಾಕಿ ಕೈ ತೊಳೆದುಕೊಳ್ಳುವ ಆಸೆ ಬಂತು,
ಸುಳ್ಳೇಕೆ.

ನೆರಳಿಗೆಂದು ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ.
ಮುಖದೆದುರೇ ಸೈಲೆನ್ಸರಿನ ಬಾಯಿ.
ಹೇಳದೆ ಕೇಳದೆ ಜಬೀವುಲ್ಲ ಇನ್ನೊಮ್ಮೆ ಕೀಲಿ ತಿರುಗಿಸಿದ.
ಎಂಜಿನ್ನು ಉರುಳುತ್ತಿದೆ,
ನನ್ನ ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

ಅಂಗೈ ಇಟ್ಟೆ. ಗೋಡೆಗೆ ಇಟ್ಟಂತಿತ್ತು.

ಮೂರು ತಾಸು ಮುಂಬಾಗಿಲನ್ನೇ ತಟ್ಟುತ್ತಿದ್ದೆ.
ಹೊರಗೆ ಬಿಡಲಾಗದ್ದು
ಒಳಗೆ ಹೇಗೆ ಎಳೆದುಕೊಂಡೀತು ಉಸಿರು?

ಸೈಕಲ್ ಕಡ್ಡಿಗಳನ್ನು ಬೆಸೆದು ಉದ್ದ ಕೊಕ್ಕೆ ಮಾಡಿ ಎಳೆದೆ:
ಗೋಣಿ ದಾರ, ಲಾಟರಿ ಚೀಟಿಯ ಚೂರು,
ಹಿಡಿ ಹಿಡಿ ಮೆತ್ತಗಾದ ಮಂಡಕ್ಕಿ,
ಆಮೇಲೆ ಹತ್ತಿ, ಸುಣ್ಣದ ಹೆಕ್ಕಳೆ ಅಂಟಿದ ಬಿಳಿ ಹತ್ತಿ.
ಕೊಟ್ರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.
"ಇದು ನನ್ನ ಕೈಯಿಂದು."
ಆಸ್ಪತ್ರೆಗೆ ಹೋಗಲೊಲ್ಲದೆ, ಬಕೆಟ್ಟಿನ ನೀರಲ್ಲಿ ನೆನೆಸಿ
ತಾನೇ ಕೊಯ್ದು ಹಿತ್ತಲಿಗೆಸೆದ ಸಿಮೆಂಟು ಪಟ್ಟಿ.
ಯಾವ ಬಾಣಂತಿ ಇಲಿಗೆ ಹಾಸಿಗೆಯಾಯಿತೋ.

ನಾಲ್ಕನೇ ಸುತ್ತಿಗೆ ಹಿಡಿಯಿತು.
ಒಂದು ಕೆಮ್ಮು, ಇನ್ನೊಂದು,
ಒಳಗುಳಿದ ಮಂಡಕ್ಕಿ ಓಣಿ ತುಂಬ ಚಿಮ್ಮಿತು ಕರ್ರಗೆ.
ಒಮ್ಮೆ ಮರಳಲ್ಲಿ ಹುರಿದದ್ದು, ಮತ್ತೊಮ್ಮೆ ಹೊಗೆಯಲ್ಲಿ.
ಕೋಳಿಗಳು ಓಡಿ ಬಂದು, ಮೂಸಿ, ವಾಪಸಾದವು.

"ಇಲಿ ಎಲ್ಲಿ ಹೋತಣ್ಣ?" ಅಂದ ಜಬೀವುಲ್ಲ.
ಸೀಟಿನಡಿ ನೋಡಿದೆವು, ಬಾನೆಟ್ಟಿನಡಿ,
ಪಕ್ಕದಲ್ಲಿ ನಿಂತ ಲಾರಿಯನ್ನೂ ಒಂದು ಥರ ನೋಡಿದೆವು.

"ಚೀಲ ಏರಿಸ್ರೋ, ಹೊತ್ತಾತು."
ಕೊಟ್ರಮ್ಮ ಸ್ಟೀರಿಂಗಿನ ಪಕ್ಕದ ಗೇರಿಗೆ ಎಡಗೈ ಹಾಕಿದಳು.
ಇನ್ನೂ ಪೂರ್ತಿ ಮಡಚದ ಮಣಿಕಟ್ಟು.
ಎರಡು ಸಲ ಜಾರಿತು, ಹಲ್ಲು ಕಚ್ಚಿದಳು.
ಮೂರನೆಯದಕ್ಕೆ ಹಿಡಿಯಿತು.