ಎರಡು ಬೀಗ

ಮೊದಲನೇ ಬೀಗ ನನ್ನದು.
ಪಿ.ಬಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡದ್ದು, ಏಳು ಲಿವರಿನದು.
ಎರಡನೆಯದು ಸುಕುಮಾರಿ ಟೀಚರ್ ಕಡೆಯವರದು,
ತುಸು ಚಿಕ್ಕದು.
ಅದಕ್ಕೂ ನಕ್ಕಿದ್ದೆವು.

ಜಗಳ ಯಾತಕ್ಕೆ ಹತ್ತಿತೋ ಈಗ ಕೇಳಿದರೆ ತಡವರಿಸುತ್ತೇನೆ.
ಹಳೇ ಅಯ್ಯನವರ ಕೈಯಲ್ಲಿ ದೀಕ್ಷಾಸ್ನಾನ ಆದವರು ನಾವು,
ಹೊಸಬರ ಕೈಯಲ್ಲಿ ಅವರು.
ನೀರು ಮಾತ್ರ ಎರಡು ಸಲವೂ
ಅದೇ ಭದ್ರಾ ನಾಲೆಯದು.

ಸಭಾಪಾಲಕ ತಿಮೊಥೆಯಪ್ಪನ ಸಂಬಳ ನಿಲ್ಲಿಸಿದೆವು.
ಅವನೇನು, ಲಾರಿ ಸ್ಟ್ಯಾಂಡಿನಲ್ಲಿ ತಾಡಪತ್ರಿ ಹೊಲಿದುಕೊಂಡಿದ್ದಾನೆ,
ದಬ್ಬಣ ಹಿಡಿದು ಹಿಡಿದು
ರೊಟ್ಟಿ ಮುರಿಯುವ ಬೆರಳೆಲ್ಲ ತೂತು.
ಬಿಷಪ್ಪರಿಗೆ ಅವನ ಮೇಲೆ ನಾನು ಬರೆದ ಅರ್ಜಿ
ನಾಲ್ಕು ಪುಟ, ಎರಡೂ ಮಗ್ಗುಲು.
ಕೊರಿಂಥದವರೂ ಹೀಗೇ ಕಚ್ಚಾಡಿದ್ದರು
ಎಂದು ಅವನು ಓದಿದಾಗಲೆಲ್ಲ
ಎದುರಿನ ಬೆಂಚು ನೋಡುತ್ತಿದ್ದೆ.

ಈ ಭಾನುವಾರ ಗಂಟೆ ಬಾರಿಸಲಿಲ್ಲ. ಹಗ್ಗ ಒಳಗಿತ್ತು.
ಅವನು ಬಂದ, ಬಾಗಿಲು ನೋಡಿದ,
ಸೈಕಲ್ಲಿನಿಂದ ಒಂದು ಹಳೇ ತಾಡಪತ್ರಿ ಇಳಿಸಿದ.
ಒಂದು ಮೂಲೆ ಬೇವಿನ ಕೊಂಬೆಗೆ,
ಒಂದು ಗೇಟಿಗೆ,
ಮೂರನೆಯದು ಟೀಚರ್ ಮಗನ ಕೈಗೆ.
ನಾಲ್ಕನೆಯದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು,
ಹೆಂಗಸರು, ಮಕ್ಕಳು ಆಗಲೇ ಕೆಳಗೆ ಕೂತಾಗಿತ್ತು,
ನಮ್ಮವರು ಕೆಲವರೂ.

ರಸ್ತೆಯಾಚೆ ಮಂಡಕ್ಕಿ ಭಟ್ಟಿಯ ಗೋಡೆಗೊರಗಿ ನಿಂತಿದ್ದೆ.
ಹೊಗೆಗೆ ಕಣ್ಣು ಉರಿಯಿತು, ಹೊಗೆಗೇ.
ಜೇಬಿನಲ್ಲಿ ಕೀಲಿಕೈ ಬೆವರುತ್ತಿತ್ತು.

"ಯಾರಾದರೂ ಇದನ್ನ ಹಿಡೀರಪ್ಪಾ,"
ಅಂದ ಅವನು,
ನನ್ನ ಕಡೆ ತಿರುಗದೆ.