ಸೀಟಿ

"ಸಿ.ಟಿ. ಆಗಬೇಕು, ಈಗಲೇ" ಎಂದರು ಡಾಕ್ಟರು.
ನನಗೆ ಕೇಳಿಸಿದ್ದು ಸೀಟಿ.
ಖಾಕಿಯ ಜೇಬು ತಡಕಿದೆ.
ಜೇಬೇ ಇರಲಿಲ್ಲ, ಹಿಂದೆ ದಾರ ಕಟ್ಟುವ
ಹಸಿರು ಗೌನು.

ಎಡಗಾಲು ಊದಿ ಮೂರು ದಿನವಾಗಿತ್ತು.
ಮಂಡ್ಯದಿಂದ ಬಸರಾಳಿಗೆ ದಿನಕ್ಕೆ ಆರು ಸಲ
ನಿಂತೇ ಹೋಗಿ ನಿಂತೇ ಬರುವವಳಿಗೆ
ಕಾಲು ಊದುವುದೂ ಒಂದು ಸುದ್ದಿಯೇ?
ಹರಳೆಣ್ಣೆ ಬಿಸಿಮಾಡಿ ತಿಕ್ಕಿದೆ, ಜೋರಾಗಿಯೇ.
ತಿಕ್ಕಬಾರದಿತ್ತಂತೆ.
ಮೀನಖಂಡದಲ್ಲಿ ಕೂತಿದ್ದ ಹೆಪ್ಪು
ಟಿಕೆಟ್ಟಿಲ್ಲದೆ ಹತ್ತಿ
ಹೃದಯ ದಾಟಿ
ಶ್ವಾಸಕೋಶದ ಕಡೇ ಸ್ಟಾಪಿನಲ್ಲಿ ಇಳಿಯಿತು.
ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ
ನನ್ನ ಕಣ್ಣು ತಪ್ಪಿಸಿದ್ದು ಅದೊಂದೇ.

ಹೊಟ್ಟೆಗೆ ಸೂಜಿ, ಬೆಳಿಗ್ಗೆ ಒಂದು, ಸಂಜೆ ಒಂದು.
ಹೊಕ್ಕುಳ ಸುತ್ತ
ನೇರಳೆ ಹಣ್ಣು ಉದುರಿದ ಅಂಗಳ.
"ಔಷಧಿ ಹೆಪ್ಪನ್ನ ಕರಗಿಸಲ್ಲ ಜಯಶೀಲಾ,
ಹೊಸದು ಕಟ್ಟದ ಹಾಗೆ ಕಾಯುತ್ತೆ, ಅಷ್ಟೆ.
ಹಳೇದನ್ನ ನಿಮ್ಮ ಮೈಯೇ ಮೆಲ್ಲಗೆ ತಿಂದು ಮುಗಿಸಬೇಕು"
ಎಂದರು ಶಾಹಿದಾ ಸಿಸ್ಟರು.
ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಕೈ ಇದು,
ಮೊಸರು ಮತ್ತೆ ಹಾಲಾದದ್ದು ಎಲ್ಲೂ ಕಂಡಿಲ್ಲ, ಎಂದೆ.
ಅವರು ನಗಲಿಲ್ಲ.
ನಿಧಾನ, ಎಂದರು.

ನಿಧಾನವೆಂದರೆ
ಒಂದು ಮಾತು ಮುಗಿಸಲು ಎರಡು ಸ್ಟೇಜು ಬೇಕು.
ನಿಧಾನವೆಂದರೆ ಮೂರು ಗೋಲಿಯ ಪ್ಲಾಸ್ಟಿಕ್ ಡಬ್ಬಿ:
ಕೊಳವೆ ಕಚ್ಚಿ ಎಳೆದರೆ ಗೋಲಿ ಏಳಬೇಕು.
ಮೊದಲನೆಯದು ಹಂದಾಡಿತು, ಸೋಮಾರಿ.
ಎರಡನೆಯದು ಗೌರಿಹಬ್ಬದ ಹೊತ್ತಿಗೆ.
ಮೂರನೆಯದರ ಜೊತೆ ನಾನು ಮಾತು ಬಿಟ್ಟೆ.

ವಾರಕ್ಕೊಮ್ಮೆ ರಕ್ತ ಕೊಟ್ಟು
ಎರಡಕ್ಕೂ ಮೂರಕ್ಕೂ ನಡುವಿನ ಅಂಕಿಗೆ ಕಾಯುವುದು.
ಸೊಪ್ಪು ಬಿಡಬೇಕೇ ಎಂದು ಕೇಳಿದೆ.
ಬಿಡಬೇಡಿ, ಈ ವಾರ ಎಷ್ಟೋ ಮುಂದಿನ ವಾರವೂ ಅಷ್ಟೇ, ಎಂದರು.
ಮಂಡ್ಯದವಳಿಗೆ ಬಸ್ಸಾರು ಅಳೆದು ಉಣ್ಣು ಎಂದರೆ!
ನಮ್ಮತ್ತೆ ಪಾವು ತಂದು
ಕೀರೆ, ದಂಟು ಎರಡನ್ನೂ ಅಳೆದರು,
ಹೆಬ್ಬೆರಳಿಂದ ಒತ್ತಿ ಒತ್ತಿ.
ಒತ್ತಿದರೆ ಲೆಕ್ಕ ತಪ್ಪುತ್ತೆ ಅತ್ತೆಮ್ಮಾ ಎಂದರೆ
"ಸೊರಗೋಗಿದ್ದೀಯ, ಸುಮ್ಕಿರು."

ಡಿಸ್ಚಾರ್ಜ್ ಕಾಗದದಲ್ಲಿ ಬರೆಯದ್ದೂ ಒಂದಿತ್ತು.
ನಡುರಾತ್ರಿ ಕಾಲು ಚುರುಕ್ಕೆಂದರೆ
ಎದ್ದು ಕೂತು, ದೀಪ ಹಾಕದೆ,
ಹೂ ಕಟ್ಟುವ ದಾರ ಎರಡೂ ಮೀನಖಂಡಕ್ಕೆ ಸುತ್ತಿ
ಗಂಟಿಗೆ ಗಂಟು ತಾಗಿಸಿ ನೋಡುತ್ತಿದ್ದೆ.
ಗಂಡನಿಗೆ ಗೊತ್ತಿತ್ತು.
ನಿದ್ದೆ ಬಂದವನಂತೆ ಮಲಗಿರುತ್ತಿದ್ದ.

ಕಬ್ಬಿನ ಲಾರಿಗಳು ಫ್ಯಾಕ್ಟರಿ ಮುಂದೆ ಸಾಲುಗಟ್ಟಿದ ತಿಂಗಳು
ಮತ್ತೆ ಡ್ಯೂಟಿ.
ಡ್ರೈವರ್ ಚನ್ನಂಕೇಗೌಡ ಏನೂ ಕೇಳಲಿಲ್ಲ,
ನನ್ನ ಸೀಟಿನ ಧೂಳು ಒರೆಸಿಟ್ಟಿದ್ದ.
ಮೊದಲ ಸ್ಟಾಪು. ಸೀಟಿ ಬಾಯಿಗಿಟ್ಟೆ.
ಬರೀ ಗಾಳಿ, ಒಂದಿಷ್ಟು ಎಂಜಲು.
ಸ್ಕೂಲು ಹುಡುಗನೊಬ್ಬ ಕಿಸಕ್ಕೆಂದ.
ಗೌಡ ಮಾತ್ರ ಕೇಳಿಸಿದವನ ಹಾಗೆ
ಗೇರು ಹಾಕಿ ಹೊರಟೇಬಿಟ್ಟ.

ಎರಡನೇ ಸ್ಟಾಪಿನಲ್ಲಿ ಬಸ್ಸಿನ ತಗಡು ಬಡಿದು ನಿಲ್ಲಿಸಿದೆ:
"ಹೋಲ್ಡಾನ್! ಸೀಟಿ ಕೇಳಿಸಿದ ಮೇಲೇ ಬಿಡಬೇಕು ಗೌಡರೇ,
ಕನಿಕರಕ್ಕಲ್ಲ."
ಬಸ್ಸು ನಿಂತಿತು. ಬಸ್ಸು ತುಂಬಾ ಜನ.
ಟೈಮಾಯ್ತು ಎಂದರು ಯಾರೋ.
ಕಿಟಕಿಯಿಂದ ಕಾಕಂಬಿಯ ವಾಸನೆ,
ಜನ್ಮವಿಡೀ ಮೂಗು ಮುಚ್ಚಿಕೊಂಡ ವಾಸನೆ.
ಅದನ್ನೇ ಎಳೆದುಕೊಂಡೆ,
ಎದೆಯ ತಳದ ಮೂಲೆಯವರೆಗೂ,
ಚುಚ್ಚುತ್ತದೇನೋ ಎಂದು ಕಾದು, ಚುಚ್ಚದೆ,
ಊದಿದೆ.

ಅಷ್ಟು ಜೋರೇನಲ್ಲ.
ಬಸ್ಸು ಹೊರಟಿತು.
ಹಿಂದಿನ ಸೀಟಿನಲ್ಲಿ ಇಬ್ಬರು ಹೊಸಬರಿದ್ದರು,
ಟಿಕೆಟ್ ಕೊಡಲು ಹೋದೆ.