ಕಿರ್ದಿ

ಬಾರ್ಬಡೋಸಿನ ದಫ್ತರ ಕೋಣೆಯಲ್ಲಿ
ಕೈಗವಸು ತೊಟ್ಟು ಯೂರಲಿ ಪುಟ ಮಗುಚುತ್ತಾಳೆ.
ತಾಮ್ರದ ಕೊಪ್ಪರಿಗೆ, ಒಂದು.
ಹೇಸರಗತ್ತೆ, ಕುಂಟು, ಒಂದು.
ಕ್ವಾಶೀಬಾ, ಕಬ್ಬು ಕಡಿಯುವವಳು, ನಲವತ್ತೆರಡು ಪೌಂಡು.
ಕೂಸು, ಹೆಸರಿಲ್ಲ, ಮೂರು.

ಬಿಡುಗಡೆಯಾದ ವರ್ಷ ಪರಿಹಾರ ಬಂತು
ಧಣಿಗೆ.
ರಸೀತಿಯ ಮೇಲೆ ಅವನ ಸಹಿ,
ಬಳ್ಳಿಯಂತೆ ಚೆಲುವಾಗಿ.
ಕಿಟಕಿಯಾಚೆ ಆ ಕಬ್ಬಿನ ಗದ್ದೆ
ಈಗ ಗಾಲ್ಫ್ ಮೈದಾನ.

ಲಂಡನ್ನಿನಿಂದ ಬಂದ ಸಭ್ಯರು ಕೇಳುತ್ತಾರೆ:
ಸತ್ತವರ ಸಾಲ ಯಾರು ತೀರಿಸಬೇಕು? ಯಾರಿಗೆ? ಎಷ್ಟು?
ಯೂರಲಿಗೆ ಲೆಕ್ಕ ಬರುತ್ತದೆ,
ಶಾಲೆಯಲ್ಲಿ ಅದನ್ನೇ ಕಲಿಸುತ್ತಿದ್ದಳು.
ನಲವತ್ತೆರಡಕ್ಕೆ ಬಡ್ಡಿ ಹಾಕಬಹುದು, ಚಕ್ರಬಡ್ಡಿಯನ್ನೂ.
ಪೆನ್ಸಿಲು ನಿಂತದ್ದು
ಮೂರರ ಮುಂದೆ.

"ಮೊದಲು ಈ ಕೂಸಿನ ಹೆಸರು ಹೇಳಿ," ಅಂದಳು,
"ಆಮೇಲೆ ಮೊತ್ತಕ್ಕೆ ಕೂರೋಣ.
ಕೂರುತ್ತೇವೆ, ಮರೆಯಬೇಡಿ."